ಕರ್ನಲ್‌ಗೆ ಗೊತ್ತಿಲ್ಲದ್ದು ಹವಾಲ್ದಾರನಿಗೆ ಗೊತ್ತಿರಬಹುದೇ?

ಓದುಗರ ಪ್ರಶ್ನೆ: ನಮ್ಮದು ಬೆಳಗಾವಿ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಎರಡು ತಲೆಮಾರಿನವರು ಸೈನ್ಯ ಸೇರಿದ್ದಾರೆ. ಹುದ್ದೆ ಏರಿದಂತೆ ಸರ್ಕಾರದ ಎಲ್ಲ ರಹಸ್ಯ ಕಡತಗಳೂ ನೋಡಲು ಸಿಗುತ್ತವೆಯೇ? ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಚಿಕ್ಕಪ್ಪ ಇಷ್ಟು ವರ್ಷವಾದರೂ ಬಾಯಿ ಬಿಡುವುದಿಲ್ಲ, ಏಕೆ?

ಉತ್ತರ: ಸಿಗುವುದಿಲ್ಲ. ಗುಟ್ಟನ್ನು ಗಂಭೀರವಾಗಿ ಕಾಯುವ ಯಾವ ಸರ್ಕಾರವೂ ಹೆಗಲ ಮೇಲಿನ ನಕ್ಷತ್ರ ಎಣಿಸಿ ಕಡತ ಕೊಡುವುದಿಲ್ಲ. ಸಂಕೇತಲಿಪಿಯ ಸಂದೇಶವನ್ನು ಬಿಡಿಸಿ ಬರೆಯುವ ಹವಾಲ್ದಾರನಿಗೆ ತಿಳಿದ ಸಂಗತಿ ಪಕ್ಕದ ಕಟ್ಟಡದ ಕರ್ನಲ್‌ಗೆ ಕೊನೆಯವರೆಗೂ ತಿಳಿಯದೆ ಹೋಗಬಹುದು. ಕೇಳುವ ಪ್ರಶ್ನೆ ಎರಡೇ. ಈ ಮನುಷ್ಯನನ್ನು ನಂಬಬಹುದೇ? ಇವನ ಈಗಿನ ಕೆಲಸಕ್ಕೆ ಈ ಕಾಗದ ಬೇಕೇ? ಮೊದಲನೆಯದಕ್ಕೆ ಹಿನ್ನೆಲೆ ಪರಿಶೀಲನೆ ಇದೆ, ಬಹಳ ಮಂದಿ ಅದರಲ್ಲಿ ಪಾಸಾಗುತ್ತಾರೆ. ಬಾಗಿಲಲ್ಲೇ ನಿಲ್ಲಬೇಕಾಗುವುದು ಎರಡನೆಯದರಿಂದ.

ಈ ಎರಡನೆಯ ಮಾತು ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲೇ ಇದೆ. ಮಂತ್ರಿಯಾದವರು ಅಧಿಕಾರದ ಪ್ರಮಾಣದ ಜೊತೆಗೆ ಗೋಪ್ಯತೆಯ ಪ್ರಮಾಣವನ್ನೂ ಸ್ವೀಕರಿಸುತ್ತಾರೆ: ಮಂತ್ರಿಯಾಗಿ ತಿಳಿದುಕೊಂಡ ವಿಷಯವನ್ನು, ಕರ್ತವ್ಯಕ್ಕೆ ಅಗತ್ಯವಾದ ಹೊರತು, ಯಾರಿಗೂ ತಿಳಿಸುವುದಿಲ್ಲ ಎಂದು. (ಯಾರ ಹೆಸರಿನಲ್ಲಿ ಪ್ರಮಾಣ ಮಾಡಿದರು ಎಂಬುದಷ್ಟೇ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ.) ಶಾಸಕರ ಪ್ರಮಾಣದಲ್ಲಿ ಗೋಪ್ಯತೆಯ ಮಾತೇ ಇಲ್ಲ. ಚಳಿಗಾಲದ ಅಧಿವೇಶನದಲ್ಲಿ ಸುವರ್ಣ ವಿಧಾನಸೌಧದ ಮೊದಲ ಸಾಲಿನಲ್ಲಿ ಕೂತ ಮಂತ್ರಿಗೂ ಅದೇ ಪಕ್ಷದ ಹಿಂದಿನ ಸಾಲಿನ ಶಾಸಕನಿಗೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು.

ಭಾರತದಲ್ಲಿ ಕಾಗದಗಳಿಗೆ ನಾಲ್ಕು ದರ್ಜೆಗಳಿವೆ: ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್, ರಿಸ್ಟ್ರಿಕ್ಟೆಡ್. ಬಯಲಾದರೆ ದೇಶಕ್ಕೆ ಎಷ್ಟು ಹಾನಿ ಎಂಬುದರ ಮೇಲೆ ದರ್ಜೆ ನಿಂತಿದೆ. ಆದರೆ ಗುಪ್ತಚರ ಮಾಹಿತಿಯ ತೀರಾ ಸೂಕ್ಷ್ಮ ಭಾಗಕ್ಕೆ ಈ ಮುದ್ರೆಗಳು ಸಾಲುವುದಿಲ್ಲ. ಅಲ್ಲಿ ಕಾಯುವುದು ಸುದ್ದಿಯನ್ನಲ್ಲ, ಸುದ್ದಿ ಬಂದ ದಾರಿಯನ್ನು. ಶತ್ರುವಿನ ಹಡಗು ನಾಳೆ ಹೊರಡುತ್ತದೆ ಎಂಬುದು ನಾಡಿದ್ದಿಗೆ ಹಳಸಿಹೋಗುವ ಸುದ್ದಿ. ಅದನ್ನು ತಿಳಿಸಿದ ಮನುಷ್ಯ ಅಥವಾ ಯಂತ್ರ ಸಿಕ್ಕಿಬಿದ್ದರೆ ಮಾತ್ರ ವರ್ಷಗಳ ಶ್ರಮ ಮಣ್ಣುಪಾಲು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತವನ್ನು ಬಿಡಿಸುತ್ತಿದ್ದ ಬ್ರಿಟಿಷರು ಹೀಗೆಯೇ ನಡೆದುಕೊಂಡರು. ಅಲ್ಲಿಂದ ಬಂದ ಮಾಹಿತಿಗೆ ‘ಅಲ್ಟ್ರಾ’ ಎಂಬ ಹೆಸರು. ಅದನ್ನು ರಣರಂಗದ ಸೇನಾಪತಿಗಳಿಗೆ ಮುಟ್ಟಿಸಲು ಪ್ರತ್ಯೇಕ ತುಕಡಿಗಳಿದ್ದವು. ಆ ತುಕಡಿಯ ಕಿರಿಯ ಅಧಿಕಾರಿ ಚೀಟಿ ತೋರಿಸುತ್ತಿದ್ದ, ಸೇನಾಪತಿ ಓದುತ್ತಿದ್ದ, ಚೀಟಿ ಹಿಂದಕ್ಕೆ ಹೋಗಿ ನಾಶವಾಗುತ್ತಿತ್ತು. ಓದಿದ್ದನ್ನು ನಂಬಿ ನೇರವಾಗಿ ದಾಳಿ ಮಾಡುವಂತೆಯೂ ಇರಲಿಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಶತ್ರುವಿನ ಸರಕು ಹಡಗುಗಳ ಮೇಲೆರಗುವ ಮುನ್ನ ಒಂದು ವಿಮಾನ ಅವುಗಳ ಕಣ್ಣಿಗೆ ಬೀಳುವಂತೆ ಹಾರಿಹೋಗಬೇಕಿತ್ತು, ವಿಮಾನದಿಂದಲೇ ತಮ್ಮ ಸುಳಿವು ಸಿಕ್ಕಿತೆಂದು ಅವರು ತಿಳಿಯಲಿ ಎಂದು. ಸಂಕೇತ ಬಿಡಿಸುವ ಕೇಂದ್ರವಾಗಿದ್ದ ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್‌ನ ಈ ಕೆಲಸದಲ್ಲಿ ಸಾವಿರಾರು ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು, ತೊಡಗಿದ್ದರು. 1974ರವರೆಗೆ ಸಾರ್ವಜನಿಕರಿಗೆ ಇದು ಹೆಚ್ಚುಕಡಿಮೆ ತಿಳಿದಿರಲೇ ಇಲ್ಲ. ಪಕ್ಕದ ಮರದ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ಕೇಳುವುದೇ ಅಲ್ಲಿ ತಪ್ಪಾಗಿತ್ತು.

ಪಟ್ಟಿ ಮಾಡಿ ಗುಟ್ಟು ಹಂಚುವುದಕ್ಕೆ ಅದೇ ಯುದ್ಧದಿಂದ ಇನ್ನೊಂದು ಉದಾಹರಣೆ. ನಾರ್ಮಂಡಿಯಲ್ಲಿ ಸೈನ್ಯ ಇಳಿಸುವ ಜಾಗ, ದಿನ ತಿಳಿದವರ ಪಟ್ಟಿಗೆ ‘ಬಿಗಟ್’ ಎಂಬ ಗುರುತಿತ್ತು. 1944ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ತಾಲೀಮು ನಡೆಸುತ್ತಿದ್ದ ಅಮೆರಿಕನ್ ಹಡಗುಗಳ ಮೇಲೆ ಜರ್ಮನ್ ದೋಣಿಗಳು ರಾತ್ರಿ ಎರಗಿ ನೂರಾರು ಜನರನ್ನು ಕೊಂದವು. ಕಾಣೆಯಾದವರಲ್ಲಿ ಆ ಪಟ್ಟಿಯ ಹತ್ತು ಅಧಿಕಾರಿಗಳಿದ್ದರು. ಒಬ್ಬ ಜೀವಂತ ಸೆರೆಸಿಕ್ಕಿದ್ದರೂ ಇಡೀ ಯೋಜನೆ ಬದಲಿಸಬೇಕಾಗುತ್ತಿತ್ತು. ಹತ್ತೂ ಶವಗಳು ಸಿಕ್ಕಿದ ಮೇಲೆಯೇ ಮೇಲಿನವರು ಉಸಿರು ಬಿಟ್ಟದ್ದು. ಪಟ್ಟಿ ಚಿಕ್ಕದಾಗಿದ್ದರಿಂದಲೇ ಹೀಗೆ ಎಣಿಸಿ ನೋಡಲು ಸಾಧ್ಯವಾಯಿತು.

ಹುದ್ದೆಯ ಮಾತಿಗೆ ಬಂದರೆ, ಅಮೆರಿಕದ ಉಪಾಧ್ಯಕ್ಷರಾಗಿದ್ದ ಟ್ರೂಮನ್ ಅವರಿಗೆ ಅಣುಬಾಂಬಿನ ಯೋಜನೆಯ ವಿವರ ತಿಳಿದದ್ದು ರೂಸ್‌ವೆಲ್ಟ್ ತೀರಿಕೊಂಡು ತಾವೇ ಅಧ್ಯಕ್ಷರಾದ ಮೇಲೆ, 1945ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ 1998ರ ಪೋಖ್ರಾನ್ ಪರೀಕ್ಷೆಗೆ ವಿಜ್ಞಾನಿಗಳಾದ ಅಬ್ದುಲ್ ಕಲಾಂ ಮತ್ತು ಆರ್. ಚಿದಂಬರಂ ಸೇನಾ ಸಮವಸ್ತ್ರ ತೊಟ್ಟು ಬೇರೆ ಹೆಸರುಗಳಲ್ಲಿ ಓಡಾಡಿದರು. ಸಂಪುಟದ ಹೆಚ್ಚಿನ ಮಂತ್ರಿಗಳಿಗೂ ಅದರ ಸುಳಿವಿರಲಿಲ್ಲ.

ಕಾಗದ ಚಲಿಸುವ ಬಗೆಯಲ್ಲೂ ಈ ಎಚ್ಚರ ಕಾಣುತ್ತದೆ. ಪ್ರತಿಯೊಂದು ನಕಲಿಗೂ ಸಂಖ್ಯೆ ಇರುತ್ತದೆ. ಎರಡು ಲಕೋಟೆಗಳಲ್ಲಿ ಒಳಗಿನದಕ್ಕೆ ಮೊಹರು ಮತ್ತು ದರ್ಜೆಯ ಗುರುತು, ಹೊರಗಿನದು ಬೋಳು. ಕೈ ಬದಲಾದಾಗಲೆಲ್ಲ ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ. ಅಮೆರಿಕದಲ್ಲಿ ಇಂಥ ಮಾಹಿತಿ ಓದಲು ಪ್ರತ್ಯೇಕ ಕೋಣೆಗಳಿವೆ. ಮೊಬೈಲ್ ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು.

ಇಷ್ಟಾದರೂ ಸೋರುತ್ತದೆ, ಅದೂ ಹೆಚ್ಚಾಗಿ ಬೇಹುಗಾರಿಕೆಯ ಕಥೆಗಳಲ್ಲಿರುವ ಹಾಗಲ್ಲ. 1985ರ ಜನವರಿಯಲ್ಲಿ ದೆಹಲಿಯಲ್ಲಿ ಬಯಲಾದ ಪ್ರಕರಣದಲ್ಲಿ ಪ್ರಧಾನಿ ಕಚೇರಿಯ ಕೆಳಹಂತದ ಸಿಬ್ಬಂದಿಯ ಮೂಲಕವೇ ದಾಖಲೆಗಳ ನಕಲು ಹೊರಹೋಗುತ್ತಿತ್ತು. ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಡಬೇಕಾಯಿತು. 2023ರಲ್ಲಿ ಅಮೆರಿಕದ ದಾಖಲೆಗಳನ್ನು ಗೆಳೆಯರ ಹರಟೆ ಗುಂಪಿಗೆ ಹಾಕಿದವನು ವಾಯುಪಡೆಯ ನ್ಯಾಷನಲ್ ಗಾರ್ಡ್‌ನಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದ 21ರ ಹುಡುಗ. ನಂಬಿಕೆಯ ಪರೀಕ್ಷೆ ಪಾಸಾಗಿದ್ದ. ಕೆಲಸಕ್ಕೆ ಬೇಡದ್ದನ್ನು ಓದುತ್ತಿದ್ದಾನೆಂದು ಮೇಲಿನವರು ಎಚ್ಚರಿಸಿಯೂ ಇದ್ದರು. ಎಚ್ಚರಿಸಿದರೇ ಹೊರತು ಬೀಗ ಹಾಕಲಿಲ್ಲ. ಅವನಿಗೆ 15 ವರ್ಷದ ಸಜೆಯಾಯಿತು.

ಇನ್ನು ನಿಮ್ಮ ಚಿಕ್ಕಪ್ಪನ ವಿಷಯ. 1923ರ ಅಧಿಕೃತ ರಹಸ್ಯ ಕಾಯ್ದೆಯ 5ನೆಯ ಕಲಮು ಈಗ ಹುದ್ದೆಯಲ್ಲಿರುವವರಿಗಷ್ಟೇ ಅಲ್ಲ, ಹಿಂದೆ ಇದ್ದವರಿಗೂ ಅನ್ವಯಿಸುತ್ತದೆ. ನಿವೃತ್ತಿಯ ದಿನ ಪಿಂಚಣಿ ಪುಸ್ತಕ ಸಿಗುತ್ತದೆ, ಮಾತಿಗೆ ಬಿಡುಗಡೆ ಸಿಗುವುದಿಲ್ಲ. ಅವರು ಸುಮ್ಮನಿರುವುದು ಬಿಗುಮಾನದಿಂದಲ್ಲ.

ಹಾಗೆಂದು ಮುದ್ರೆ ಬಿದ್ದದ್ದೆಲ್ಲ ನಿಜವಾದ ಗುಟ್ಟು ಎಂದು ನಾನು ಒಪ್ಪುವುದಿಲ್ಲ. 1962ರ ಸೋಲಿನ ಬಗ್ಗೆ ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯ ದೊಡ್ಡ ಭಾಗ 2014ರಲ್ಲಿ ಅಂತರ್ಜಾಲಕ್ಕೆ ಬಂದರೂ ಸರ್ಕಾರ ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಇದರಲ್ಲಿ ಕಾಪಾಡುತ್ತಿರುವುದು ಗಡಿಯನ್ನೋ ಮುಖವನ್ನೋ? ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ರಹಸ್ಯ ಕಾಯ್ದೆಯನ್ನು ರದ್ದುಪಡಿಸಲು ಹೇಳಿತ್ತು. ಅದು ಇನ್ನೂ ಜಾರಿಯಲ್ಲಿದೆ. ರಫೇಲ್ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಬಂದ ದಾಖಲೆಗಳನ್ನು ನೋಡಲೇಬಾರದು ಎಂಬ ಸರ್ಕಾರದ ವಾದವನ್ನು ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 10ರಂದು ತಳ್ಳಿಹಾಕಿತು.

ನಾಗರಿಕರಿಗೆ ಇರುವ ಹತ್ತಿರದ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಗುಪ್ತಚರ ದಳ, ರಾ, ಗಡಿ ಭದ್ರತಾ ಪಡೆಯಂಥ ಸಂಸ್ಥೆಗಳಿಗೆ 24ನೆಯ ಕಲಮಿನ ವಿನಾಯಿತಿ ಇದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪವಿದ್ದರೆ ಆ ವಿನಾಯಿತಿಯೂ ನಿಲ್ಲುವುದಿಲ್ಲ. ಭೂಸೇನೆ ಆ ಪಟ್ಟಿಯಲ್ಲೇ ಇಲ್ಲ, ಆದ್ದರಿಂದ ಅಲ್ಲಿಗೆ ಅರ್ಜಿ ಹಾಕಬಹುದು. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ರಹಸ್ಯ ಕಾಯ್ದೆಯಿದ್ದರೂ ಮಾಹಿತಿ ಕೊಡಬಹುದು ಎಂದು 8ನೆಯ ಕಲಮಿನ ಎರಡನೆಯ ಉಪಕಲಮು ಹೇಳುತ್ತದೆ. ‘ರಹಸ್ಯ, ಕೊಡಲಾಗದು’ ಎಂಬ ಒಂದು ಸಾಲಿನ ಉತ್ತರ ಬಂದರೆ ಅಷ್ಟಕ್ಕೇ ಬಿಡಬೇಡಿ. ಯಾವ ಕಲಮಿನಡಿ, ಯಾವ ಕಾರಣಕ್ಕೆ ಎಂದು ಅವರು ತಿಳಿಸಬೇಕು, ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.