ಮಳೆ ನೋಡಿಕೊಂಡು ಮದ್ದು ಹೊಡೆಸುವವರಿಗೆ

ಮೇ ಕೊನೆ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಅಡಿಕೆ ಬೆಳೆಗಾರರದೆಲ್ಲ ಒಂದೇ ಪ್ರಶ್ನೆ. "ಸಾರ್, ಈ ವರ್ಷ ಮಳೆ ಜಾಸ್ತೀನಾ? ಕೊಳೆ ಬರುತ್ತಾ?" ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ನಾನು ತೋಟದ ರೋಗ ನೋಡುವವನು. ಮಳೆಯ ವಿಷಯ ನಿಮಗೆ ಗೊತ್ತಿದ್ದಷ್ಟೇ ನನಗೂ ಗೊತ್ತು. "ಮದ್ದು ಹೊಡೆಸಿದ್ರಾ?" ಎಂದು ತಿರುಗಿ ಕೇಳಿದರೆ ಆ ಕಡೆ ಸದ್ದಿಲ್ಲ. ಆಮೇಲೆ, "ಇಲ್ಲ, ಮಳೆ ಹೇಗೆ ಬರುತ್ತೋ ನೋಡ್ಕೊಂಡು ಹೊಡೆಸೋಣ ಅಂತ..."

ಹೀಗೆ ಕಾಯುತ್ತಾ ಕೂತೇ ಪ್ರತಿವರ್ಷ ಎಷ್ಟೋ ತೋಟಗಳ ಫಸಲು ನೆಲಕ್ಕೆ ಬೀಳುತ್ತದೆ.

ನಾವು ಹೊಡೆಸುವ ಮದ್ದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಿನಲ್ಲಿ ಬೆರೆಸಿದ್ದು. ಅದು ಕೊಳೆ ಹಿಡಿದ ಕಾಯಿಯನ್ನು ವಾಸಿ ಮಾಡುವುದಿಲ್ಲ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೊಳೆ ತರುವ ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ರೋಗಾಣುವಿನ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಬಿಡದೆ ಮಳೆ ಹಿಡಿದು ಕಾಯಿ ಸದಾ ಒದ್ದೆಯಾಗಿದ್ದರೆ ಅವು ಸಿಪ್ಪೆಯೊಳಗೆ ಇಳಿಯುತ್ತವೆ. ಒಳಗೆ ಇಳಿದ ಮೇಲೆ ಹೊರಗೆ ಬಿದ್ದ ತಾಮ್ರ ಏನು ಮಾಡೀತು? ಅದು ಮೊದಲೇ ಕಾಯಿಯ ಮೇಲೆ ಕೂತಿರಬೇಕು. ಅಂದರೆ ಮಳೆ ಹಿಡಿಯುವ ಮೊದಲು, ಕೊನೆ (ಅಡಿಕೆ ಗೊಂಚಲು) ಒಣಗಿರುವಾಗಲೇ ಹೊಡೆಸಬೇಕು. ಆಮೇಲೆ ಮಳೆಗೆ ಮದ್ದು ತೊಳೆದು ಹೋಗುತ್ತದೆ. ಕಾಯಿಯೂ ದಪ್ಪವಾಗುತ್ತಾ ಮದ್ದು ತಾಗದ ಸಿಪ್ಪೆ ಕಾಣಿಸುತ್ತದೆ. ಅದಕ್ಕೇ 40–45 ದಿನಕ್ಕೆ ಎರಡನೆಯ ಸಲ. ಜೂನ್ ಮೊದಲ ವಾರ ಹೊಡೆಸಿದರೆ ಎರಡನೆಯದು ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಬರುತ್ತದೆ. ಆಗ ಅರ್ಧ ದಿನ ಮಳೆ ನಿಂತು ಹೊಳವಾದರೂ ಬಿಡದೆ ಹೊಡೆಸಬೇಕು.

ಇದು ಹೊಸ ವಿದ್ಯೆಯೇನಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆ ರೋಗದ ಬಗ್ಗೆ ಬರೆದವರು. ಬೋರ್ಡೋ ಹೊಡೆಯುವುದನ್ನು ನಮ್ಮ ಕಡೆ ರೂಢಿಗೆ ತಂದವರೂ ಅವರೇ. ಅದಕ್ಕೂ ಮೊದಲು ಹಿರಿಯರು ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಎಂಥ ಕಷ್ಟದ ಕೆಲಸ ಅದು! ಅವರಿಗೆ ಮುನ್ಸೂಚನೆ ಹೇಳುವವರು ಯಾರೂ ಇರಲಿಲ್ಲ. ಮಳೆ ಬಂದೇ ಬರುತ್ತದೆ ಎಂದು ಕಟ್ಟಿದರು, ಅಷ್ಟೇ.

ಕೋಣಂದೂರು ಕಡೆಯ ಒಬ್ಬ ಬೆಳೆಗಾರರು ನೆನಪಾಗುತ್ತಾರೆ. ಬಹಳ ಒಳ್ಳೆಯ ಮನುಷ್ಯ. ಬೆಳಿಗ್ಗೆ ಎದ್ದರೆ ರಾಶಿ ಇಡಿ (ಅಡಿಕೆಯ ಒಂದು ಬಗೆ) ದರ, ಸಂಜೆ ಹವಾಮಾನ, ರಾತ್ರಿ ಅಡಿಕೆ ಆಮದಿನ ಸುದ್ದಿ. ನಿದ್ದೆಯೇ ಇರಲಿಲ್ಲ. ನಾನು ಹೋದಾಗ ಮೃಗಶಿರ ಶುರುವಾಗಿತ್ತು. ಮೈಲುತುತ್ತದ ಚೀಲ ಇನ್ನೂ ಬಿಚ್ಚಿರಲಿಲ್ಲ. ಕಾಫಿ ತಂದ ಅವರ ಮನೆಯವರು, "ಇವ್ರಿಗೆ ಭೂತಾನದ ಅಡಿಕೆದೇ ಯೋಚ್ನೆ ಸಾರ್, ಮರ ಹತ್ತಿ ಮದ್ದು ಹೊಡೆಯೋ ಕೊನೆಗಾರನಿಗೆ ಒಂದು ಫೋನ್ ಮಾಡಲ್ಲ" ಎಂದರು. ಮರುದಿನ ಆ ಅಕ್ಕನೇ ಫೋನ್ ಮಾಡಿ ಕರೆಸಿದರಂತೆ. ಆ ವರ್ಷ ಅವರಿಗೆ ಕೊಳೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಬಂತು. ಮೇಲಿನ ತೋಟ ಉಳಿಯಿತು.

ಚಿಂತೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ವರ್ಷದ ದುಡಿಮೆ ಮರದ ತುದಿಯಲ್ಲಿದೆ, ಸೊಸೈಟಿ ಸಾಲ ಇದೆ, ಮಗಳ ಮದುವೆ ಇದೆ. ಚಿಂತೆಯಾಗದೆ ಇರುತ್ತಾ? ನನಗೆ ಬೇಸರವಾಗುವುದು ಆ ಚಿಂತೆಯಲ್ಲೇ ತಾರೀಖು ಕಳೆದಾಗ.

ಹಾಗಂತ ಎರಡು ಸಲ ಹೊಡೆಸಿದರೆ ಕೊಳೆ ಬರುವುದೇ ಇಲ್ಲ ಎಂದು ಬರೆದು ಕೊಡಲಾರೆ. ಮಳೆ ಬಿಡದ ವರ್ಷ ಮೂರನೆಯದೂ ಬೇಕಾಗಬಹುದು. ಪಕ್ಕದ ತೋಟದವರು ಹೊಡೆಸದಿದ್ದರೆ ಗಾಳಿ ಮಳೆಗೆ ಅಲ್ಲಿಂದ ಹಾರಿ ಬರುತ್ತದೆ. ಅವರನ್ನೂ ಮಾತಾಡಿಸಿ.

ಈಗಾಗಲೇ ಕಾಯಿ ಉದುರುತ್ತಿದ್ದರೆ ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಬಸಿಗಾಲುವೆ ಬಿಡಿಸಿ. ಉದುರಿದ್ದೆಲ್ಲ ಕೊಳೆಯೇ ಆಗಬೇಕಿಲ್ಲ. ಅದಕ್ಕೆ ನನ್ನ ಹತ್ತಿರ ಬರುವಾಗ ಮಳೆಯ ನಕ್ಷೆ ತೋರಿಸಬೇಡಿ, ತೊಟ್ಟಿನ ಸಮೇತ ನಾಲ್ಕು ಕಾಯಿ ತನ್ನಿ.