ಪದ ಪರಿಚಯ: ಪಾಪ್ಯುಲರ್ ಸಾವರ್ನಿಟಿ

ಪಾಪ್ಯುಲರ್ ಅಂದರೆ ಇಲ್ಲಿ ಜನಪ್ರಿಯ ಅಲ್ಲ, ಜನರದ್ದು. ಸಾವರ್ನಿಟಿ ಅಂದರೆ ಪರಮಾಧಿಕಾರ. ನಮ್ಮ ಸಂವಿಧಾನದ ಪೀಠಿಕೆಯ 'ಸಾರ್ವಭೌಮ' ಇದರ ಹತ್ತಿರದ ನೆಂಟ. ಎರಡೂ ಸೇರಿದರೆ 'ಜನರೇ ಒಡೆಯರು'. ಕೇಳೋಕೆ ಚೆನ್ನಾಗಿದೆ ಅಲ್ವಾ?

ಆದರೆ 1850ರ ದಶಕದ ಅಮೆರಿಕದಲ್ಲಿ ಈ ಪದದ ಅರ್ಥ ತುಂಬಾ ಇಕ್ಕಟ್ಟಿನದು. ಹೊಸದಾಗಿ ಜನ ನೆಲೆಸುತ್ತಿರುವ ಸೀಮೆಯಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ ಇಲ್ಲವೋ ಎಂಬುದನ್ನು ಅಲ್ಲಿನವರೇ ಓಟು ಹಾಕಿ ತೀರ್ಮಾನಿಸಲಿ, ವಾಷಿಂಗ್ಟನ್ ತಲೆಹಾಕುವುದು ಬೇಡ. ಇಷ್ಟೇ. ಓಟು ಬಿಳಿಯ ಗಂಡಸರಿಗೆ ಮಾತ್ರ. ಯಾರ ಬದುಕು ಪಣಕ್ಕಿತ್ತೋ ಅವರನ್ನು ಯಾರೂ ಕೇಳುವಂತಿರಲಿಲ್ಲ.

ಅದಕ್ಕೂ ಮುಂಚೆ ಒಂದು ಗೆರೆ ಇತ್ತು. ಗುಲಾಮಗಿರಿ ಬಿಟ್ಟಿದ್ದ ಉತ್ತರದ ರಾಜ್ಯಗಳಿಗೂ ಅದನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳಿಗೂ ನಡುವೆ ಆದ 1820ರ ರಾಜಿಯಲ್ಲಿ, ಫ್ರಾನ್ಸಿನಿಂದ ಕೊಂಡ ಲೂಸಿಯಾನಾ ಪ್ರದೇಶದ ಮೇಲೆ 36 ಡಿಗ್ರಿ 30 ನಿಮಿಷದ ಅಕ್ಷಾಂಶ ಹಿಡಿದು ಎಳೆದ ಗೆರೆ. ಅದರ ಉತ್ತರಕ್ಕೆ, ಮಿಸ್ಸೌರಿ ಒಂದನ್ನು ಬಿಟ್ಟು, ಗುಲಾಮಗಿರಿ ಇಲ್ಲ. 1854ರಲ್ಲಿ ಇಲಿನಾಯ್ ಸೆನೆಟರ್ ಸ್ಟೀಫನ್ ಡಗ್ಲಸ್ ಹೊಸ ಕಾಯ್ದೆ ತಂದು ಈ ಗೆರೆಯನ್ನೇ ಅಳಿಸಿಸಿದರು. ಅವರಿಗೆ ಪಶ್ಚಿಮಕ್ಕೆ ರೈಲು ಬೇಕಿತ್ತು. ರೈಲಿಗೆ ಕಾನ್ಸಸ್, ನೆಬ್ರಾಸ್ಕಾಗಳಲ್ಲಿ ಆಡಳಿತ ಬೇಕಿತ್ತು. ಅದಕ್ಕೆ ದಕ್ಷಿಣದ ಸೆನೆಟರುಗಳ ಓಟು ಬೇಕಿತ್ತು. 'ಅಲ್ಲಿನವರೇ ನೋಡಿಕೊಳ್ಳಲಿ' ಅಂದುಬಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂಬ ಲೆಕ್ಕ. ವಾದ ಅವರ ಸ್ವಂತದ್ದಲ್ಲ, 1847ರಲ್ಲೇ ಮಿಶಿಗನ್ ಸೆನೆಟರ್ ಲೂಯಿಸ್ ಕ್ಯಾಸ್ ಅದನ್ನು ಮುಂದಿಟ್ಟಿದ್ದರು.

ಎಲ್ಲ ಕೆಟ್ಟಿದ್ದು 'ಅಲ್ಲಿನವರು' ಎಂಬ ಮಾತಿನಲ್ಲಿ. ಅಲ್ಲಿನವರು ಅಂದರೆ ಯಾರು? ಎಷ್ಟು ದಿನದಿಂದ ಇದ್ದರೆ ಅಲ್ಲಿನವರು? ಕಾಯ್ದೆ ಇದನ್ನು ಬಿಡಿಸಿ ಹೇಳಲೇ ಇಲ್ಲ. (ವಿರೋಧಿಗಳು ಇದನ್ನು 'ಸ್ಕ್ವಾಟರ್ ಸಾವರ್ನಿಟಿ' ಎಂದು ಹೀಯಾಳಿಸುತ್ತಿದ್ದರು. ಸ್ಕ್ವಾಟರ್ ಅಂದರೆ ಕಂಡವರ ಜಾಗದಲ್ಲಿ ಬೇಲಿ ಹಾಕಿ ಕೂತವನು. ಕಾನ್ಸಸಿನ ಎಷ್ಟೋ ನೆಲ ಆಗ ಶಾವ್ನಿ, ಡೆಲವೇರ್ ಮುಂತಾದ ಮೂಲನಿವಾಸಿಗಳಿಗೆ ಒಪ್ಪಂದದಲ್ಲಿ ಕೊಟ್ಟದ್ದು. ಹಾಗಾಗಿ ಬೈಗುಳವೇ ಅಸಲಿ ಪದಕ್ಕಿಂತ ಸರಿಯಾಗಿತ್ತು.)

1855ರ ಮಾರ್ಚ್ 30. ಕಾನ್ಸಸಿನಲ್ಲಿ ಶಾಸನಸಭೆಯ ಚುನಾವಣೆ. ಆಗಷ್ಟೇ ಮುಗಿದ ಜನಗಣತಿಯ ಪ್ರಕಾರ ಓಟಿನ ಹಕ್ಕಿದ್ದವರು 2,905. ಬಿದ್ದ ಓಟು 6,307! ಪಕ್ಕದ ಮಿಸ್ಸೌರಿಯಿಂದ ಗುಲಾಮಗಿರಿಯ ಪರವಾದವರು ಬಂದೂಕು, ಚಾಕು ಸಮೇತ ಗಾಡಿ ಕಟ್ಟಿಕೊಂಡು ಬಂದು, ಬಿಡಾರ ಹೂಡಿ, ಓಟು ಹಾಕಿ ಊರಿಗೆ ವಾಪಸಾದರು. ನಾವು ಕಳ್ಳ ಓಟು ಅಂತೀವಲ್ಲ, ಅದೇ. ಹಾಗೆ ಗೆದ್ದ ಸಭೆ ಎಂಥ ಕಾನೂನು ಮಾಡಿತು ನೋಡಿ: ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಈ ಸೀಮೆಯಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳಿದವನಿಗೂ ಕಡಿಮೆಯೆಂದರೆ ಎರಡು ವರ್ಷ ಕಠಿಣ ಶಿಕ್ಷೆ.

ಉತ್ತರದಿಂದ ಬಂದು ನೆಲೆಸಿದ್ದ, ಗುಲಾಮಗಿರಿ ಬೇಡವೆನ್ನುವವರು ಸುಮ್ನೆ ಕೂರಲಿಲ್ಲ. ಕಾನ್ಸಸಿನ ಟೊಪೀಕಾ ಊರಿನಲ್ಲಿ ತಮ್ಮದೇ ಸರ್ಕಾರ ಮಾಡಿಕೊಂಡರು. ಅವರಿಗೆ ಬಂದ ಶಾರ್ಪ್ಸ್ ರೈಫಲ್‌ಗಳಿಗೆ 'ಬೀಚರನ ಬೈಬಲ್' ಎಂಬ ಅಡ್ಡಹೆಸರು. ಆ ರೈಫಲ್‌ಗಳಿಗೆ ಹಣ ಕೂಡಿಸಿದ ಹೆನ್ರಿ ವಾರ್ಡ್ ಬೀಚರ್ ಒಬ್ಬ ಪಾದ್ರಿ!

1856ರ ಮೇ 21ರಂದು ಗುಲಾಮಗಿರಿಯ ಪರದವರು ಲಾರೆನ್ಸ್ ಊರಿಗೆ ನುಗ್ಗಿ ದೊಡ್ಡ ಹೋಟೆಲನ್ನು ಸುಟ್ಟರು. ಮರುದಿನ ಸೆನೆಟ್ ಸಭಾಂಗಣದೊಳಗೇ, ಕಾನ್ಸಸ್ ಬಗ್ಗೆ ಕಟುವಾಗಿ ಮಾತಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣ ಕ್ಯಾರೊಲಿನಾದ ಜನಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸ್ ಕೈಗೋಲಿನಿಂದ ರಕ್ತ ಬರುವಂತೆ ಬಡಿದರು. 24ರ ರಾತ್ರಿ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಅವರ ತಂಡ ಕಾನ್ಸಸಿನ ಪೊಟ್ಟವಾಟಮಿ ಹಳ್ಳದ ಬಳಿ ಎದುರು ಪಕ್ಷದ ಐವರನ್ನು ಮನೆಯಿಂದ ಎಳೆದು ಕೊಂದಿತು. ವಾಷಿಂಗ್ಟನ್ನಿನಿಂದ ದೂರ ಕಳಿಸಿದ್ದ ಜಗಳ ಎರಡೇ ವರ್ಷದಲ್ಲಿ ವಾಪಸು ಬಂದಿತ್ತು.

1857ರಲ್ಲಿ, ಬಿಡುಗಡೆ ಕೋರಿ ಕೋರ್ಟಿಗೆ ಹೋದ ಗುಲಾಮ ಡ್ರೆಡ್ ಸ್ಕಾಟ್ ಅವರ ಪ್ರಕರಣದ ತೀರ್ಪು ಬಂತು. ಇಂಥ ಸೀಮೆಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್ಸಿಗೇ (ಅಂದರೆ ಅಮೆರಿಕದ ಸಂಸತ್ತಿಗೇ) ಇಲ್ಲ ಎಂದಿತು ಸುಪ್ರೀಂ ಕೋರ್ಟ್. ಕಾಂಗ್ರೆಸ್ಸಿಗಿಲ್ಲದ್ದು ಅದು ಹುಟ್ಟಿಸಿದ ಶಾಸನಸಭೆಗೆ ಎಲ್ಲಿಂದ ಬರಬೇಕು? ಅದೇ ಡಿಸೆಂಬರಿನಲ್ಲಿ ಕಾನ್ಸಸಿನವರ ಮುಂದೆ ಒಂದು ವಿಚಿತ್ರ ಓಟು: ರಾಜ್ಯವಾಗಲು ಬರೆದ ಸಂವಿಧಾನ 'ಗುಲಾಮಗಿರಿ ಸಮೇತ' ಬೇಕೋ, 'ಗುಲಾಮಗಿರಿ ಇಲ್ಲದೆ' ಬೇಕೋ. ಎರಡನೆಯದನ್ನು ಆರಿಸಿದರೂ ಆಗಲೇ ಅಲ್ಲಿದ್ದ ಗುಲಾಮರಿಗೆ ಬಿಡುಗಡೆಯಿಲ್ಲ. ಸಂವಿಧಾನವೇ ಬೇಡ ಅನ್ನಲು ಜಾಗವಿಲ್ಲ. 1858ರ ಜನವರಿ 4ರಂದು ಆ ಅವಕಾಶ ಸಿಕ್ಕಾಗ 10,226 ಜನ ಬೇಡ ಎಂದರು. ಡಗ್ಲಸ್ ಕೂಡ ಇದು ಮೋಸ ಎಂದು ಸ್ವಂತ ಪಕ್ಷದ ಅಧ್ಯಕ್ಷರ ವಿರುದ್ಧವೇ ನಿಂತರು. ದಕ್ಷಿಣದವರು ಅವರನ್ನು ಕ್ಷಮಿಸಲಿಲ್ಲ. 1860ರಲ್ಲಿ ಡೆಮಾಕ್ರಟಿಕ್ ಪಕ್ಷ ಎರಡಾಗಿ ಒಡೆಯಿತು, ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಲಿಂಕನ್ ಗೆದ್ದರು.

ಕಾನ್ಸಸ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಕ್ಕೂಟ ಸೇರಿದ್ದು 1861ರ ಜನವರಿ 29ರಂದು. ಅಷ್ಟರಲ್ಲಿ ದಕ್ಷಿಣದ ಆರು ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿದ್ದವು.