ಕ್ರೈಸ್ತರು ‘ಕರ್ತನೇ’ ಎನ್ನುವಾಗ

ಲೂಕನ ಸುವಾರ್ತೆಯ 2ನೇ ಅಧ್ಯಾಯದ 11ನೇ ವಚನದಲ್ಲಿ ಯೇಸು ಹುಟ್ಟಿದ ಸುದ್ದಿಯನ್ನು ದೇವದೂತನು ಕುರುಬರಿಗೆ ಹೇಳುವುದು ಒಂದೇ ವಾಕ್ಯದಲ್ಲಿ. ಅದರೊಳಗೆ ಮೂರು ಬಿರುದುಗಳಿವೆ: ರಕ್ಷಕ, ಕ್ರಿಸ್ತ, ಕರ್ತ. ಒಂದೇ ಉಸಿರಿಗೆ ಓದಿಕೊಂಡು ಹೋದರೆ ಮೂರೂ ಒಂದೇ ಅರ್ಥದ ಮಾತುಗಳು, ಭಕ್ತಿ ಉಕ್ಕಿ ಪೇರಿಸಿದ್ದು ಅನ್ನಿಸಿಬಿಡುತ್ತದೆ. ಹಾಗಲ್ಲ. ಇವುಗಳಲ್ಲಿ ಒಂದೊಂದೂ ಯೇಸುವಿಗೆ ಸಲ್ಲುವ ಮೊದಲು ಬೇರೆ ಯಾರಿಗೋ ಸಲ್ಲುತ್ತಿತ್ತು. ಯಾರಿಗೆ ಎಂದು ತಿಳಿದುಕೊಂಡರೆ, ಅದನ್ನು ಯೇಸುವಿಗೆ ಕೊಟ್ಟವರು ಏನು ಹೇಳುತ್ತಿದ್ದರು ಎಂಬುದು ಬಿಡಿಸಿ ಕಾಣುತ್ತದೆ.

ಕ್ರಿಸ್ತ ಎಂಬುದನ್ನು ಯೇಸುವಿನ ಎರಡನೆಯ ಹೆಸರು ಅಂದುಕೊಂಡವರು ಬಹಳ ಮಂದಿ. ಹೀಬ್ರೂವಿನ ‘ಮಾಷಿಯಾಖ್’ ಗ್ರೀಕಿನಲ್ಲಿ ‘ಖ್ರಿಸ್ತೋಸ್’ ಆಯಿತು. ಅರ್ಥ, ಎಣ್ಣೆಯಿಂದ ಅಭಿಷೇಕ ಹೊಂದಿದವನು. ಇಸ್ರಾಯೇಲಿನಲ್ಲಿ ಅರಸರಿಗೂ ಯಾಜಕರಿಗೂ ಎಣ್ಣೆಯ ಅಭಿಷೇಕ ಆಗುತ್ತಿತ್ತು. ಪ್ರವಾದಿ ಸಮುವೇಲನು ಮುಂದೆ ಅರಸನಾಗಲಿದ್ದ ದಾವೀದನಿಗೆ ಮಾಡಿದ್ದು ಅದನ್ನೇ. ಯೆಶಾಯ 45:1 ಪರ್ಷಿಯದ ಅರಸ ಕೋರೆಷನನ್ನೂ ಅಭಿಷಿಕ್ತ ಎಂದು ಕರೆಯುತ್ತದೆ. ಅವನು ಇಸ್ರಾಯೇಲ್ಯನೂ ಅಲ್ಲ. ಆದ್ದರಿಂದ ಈ ಬಿರುದು ತನ್ನಷ್ಟಕ್ಕೆ ದೈವತ್ವವನ್ನು ಹೇಳುವುದಿಲ್ಲ. ದೇವರು ಆರಿಸಿ ಹೊಣೆ ಹೊರಿಸಿದವನು ಎಂದಷ್ಟೇ ಹೇಳುತ್ತದೆ. ರಕ್ಷಕ ಎಂಬುದೂ ಹಾಗೆಯೇ ಹಂಚಿಹೋಗಿದ್ದ ಮಾತು: ಈಜಿಪ್ಟನ್ನು ಆಳಿದ ಮೊದಲನೆಯ ಟಾಲೆಮಿಗೆ ‘ಸೋತೇರ್’, ಅಂದರೆ ರಕ್ಷಕ, ಎಂಬ ಬಿರುದಿತ್ತು. ಆದರೆ ಯೆಶಾಯ 43:11ರಲ್ಲಿ ದೇವರು ತನ್ನ ಹೊರತು ರಕ್ಷಕನೇ ಇಲ್ಲ ಎನ್ನುತ್ತಾನೆ.

ಕರ್ತ ಎಂಬಲ್ಲಿಗೆ ಬಂದಾಗ ಕನ್ನಡದ ಓದುಗರಿಗೆ ಎರಡು ತೊಡಕುಗಳಿವೆ. ಮೊದಲನೆಯದು ಪದದ್ದೇ. ನಮ್ಮ ಕಿವಿಗೆ ಅದು ‘ಮಾಡಿದವನು’ ಎಂದು ಕೇಳುತ್ತದೆ. ಗ್ರೀಕಿನ ‘ಕೂರಿಯೋಸ್’ ಅದಲ್ಲ. ಅದು ಒಡೆಯ, ಯಜಮಾನ. ಲೂಕ 19ರಲ್ಲಿ ಶಿಷ್ಯರು ಯೇಸುವಿಗಾಗಿ ಕತ್ತೆಮರಿಯನ್ನು ಬಿಚ್ಚುವಾಗ ಯಾಕೆ ಬಿಚ್ಚುತ್ತೀರಿ ಎಂದು ಕೇಳುವವರು ಅದರ ಕೂರಿಯೋಸ್‌ಗಳು. ಶಿಷ್ಯರ ಉತ್ತರ, ಇದು ಕೂರಿಯೋಸ್‌ಗೆ ಬೇಕಾಗಿದೆ ಎಂದು. ಮರಿಯ ಒಡೆಯರಿಗೂ ಒಬ್ಬ ಒಡೆಯನಿದ್ದಾನೆ ಎಂಬ ಸೂಚನೆ ಮೂಲದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅನುವಾದದಲ್ಲಿ ಒಂದು ಕಡೆ ‘ಒಡೆಯರು’, ಇನ್ನೊಂದು ಕಡೆ ‘ಕರ್ತನು’ ಆದಾಗ ಕಳೆದುಹೋಗುತ್ತದೆ. ಹಾಗೆಂದು ಈ ಪದ ಬಂದಲ್ಲೆಲ್ಲ ಅಷ್ಟೇ ತೂಕ ಇರುವುದಿಲ್ಲ. ಬಾವಿಯ ಬಳಿ ಸಮಾರ್ಯದ ಹೆಂಗಸು ಗುರುತು ಪರಿಚಯವಿಲ್ಲದ ಯೇಸುವನ್ನು ಕೂರಿಯೋಸ್ ಎನ್ನುವುದು ಬರೀ ‘ಅಯ್ಯಾ’ ಎಂಬ ಮರ್ಯಾದೆಯ ಮಾತು. ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ನೋಡದೆ ತೂಕ ಕಟ್ಟಬಾರದು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಹೀಬ್ರೂ ಬೈಬಲಿನಲ್ಲಿ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವ ಭಾಗದಲ್ಲಿ, ದೇವರ ಹೆಸರು ನಾಲ್ಕು ವ್ಯಂಜನಗಳದ್ದು. ಸುಮಾರು 6,800 ಸಲ ಬರುತ್ತದೆ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಉಚ್ಚರಿಸದೆ ‘ಅದೋನಾಯ್’, ಅಂದರೆ ನನ್ನ ಒಡೆಯ, ಎಂದು ಓದುತ್ತಾರೆ. ಮುಂದೆ ಹಸ್ತಪ್ರತಿಕಾರರು ಆ ನಾಲ್ಕು ವ್ಯಂಜನಗಳಿಗೆ ಅದೋನಾಯ್‌ನ ಸ್ವರಚಿಹ್ನೆಗಳನ್ನು ಹಚ್ಚಿದರು. ಎರಡನ್ನೂ ಬೆರೆಸಿ ಓದಿದಾಗ ಹುಟ್ಟಿದ ರೂಪವೇ ಯೆಹೋವ. ಹೊಸ ಒಡಂಬಡಿಕೆಯ ಬರಹಗಾರರು ಹಳೆಯ ಶಾಸ್ತ್ರವನ್ನು ಗ್ರೀಕಿನಲ್ಲಿ ಉದ್ಧರಿಸುವಾಗ ಆ ಹೆಸರಿನ ಜಾಗದಲ್ಲಿ ಬರುವುದು ಕೂರಿಯೋಸ್. ಅದೇ ಪದವನ್ನೇ ಅವರು ಯೇಸುವಿಗೂ ಬಳಸಿದರು.

ಬಹಳ ಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಹಳೆಯ ಒಡಂಬಡಿಕೆ ‘ಯೆಹೋವ’ ಎಂದೂ ಹೊಸದು ‘ಕರ್ತ’ ಎಂದೂ ಹೇಳುವುದರಿಂದ ಈ ಕೊಂಡಿ ಕಾಣುವುದೇ ಇಲ್ಲ. ಕೈಯಲ್ಲಿ ಪುಸ್ತಕವಿದ್ದರೆ ಯೋವೇಲ 2:32ರ ಪಕ್ಕ ರೋಮಾಪುರದವರಿಗೆ 10:13 ಇಟ್ಟು ಓದಿ. ಯೆಹೋವನ ಹೆಸರು ಹಿಡಿದು ಮೊರೆಯಿಡುವವರಿಗೆ ರಕ್ಷಣೆ ಎನ್ನುತ್ತಾನೆ ಯೋವೇಲ. ಪೌಲನು ಅದೇ ಮಾತನ್ನು ಎತ್ತಿ, ‘ಯೇಸುವೇ ಕರ್ತ’ ಎಂದು ಬಾಯಿಂದ ಒಪ್ಪಿಕೊಳ್ಳುವುದರ ಬೆನ್ನಿಗೇ ಇಡುತ್ತಾನೆ. ಯೆಶಾಯ 45:23ರಲ್ಲಿ ಎಲ್ಲರೂ ಮೊಣಕಾಲೂರುವುದು ಯೆಹೋವನಿಗೆ. ಫಿಲಿಪ್ಪಿ 2:10ರಲ್ಲಿ ಯೇಸುವಿನ ಹೆಸರಿಗೆ. ಯೇಸುವಿನ ದೈವತ್ವದ ವಿಷಯದಲ್ಲಿ ‘ದೇವಕುಮಾರ’ ಎಂಬ ಪದಕ್ಕಿಂತ ಈ ಜೋಡಿಗಳೇ ಬಲವಾದ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ.

ಯಾಕೆಂದರೆ ‘ದೇವರ ಮಗ’ ಎಂಬ ಮಾತನ್ನು ಬೈಬಲ್ ಧಾರಾಳವಾಗಿ ಬಳಸುತ್ತದೆ. ವಿಮೋಚನಕಾಂಡ 4:22ರಲ್ಲಿ ಇಡೀ ಇಸ್ರಾಯೇಲ್ ಜನವೇ ದೇವರ ಚೊಚ್ಚಲ ಮಗ. 2ನೇ ಕೀರ್ತನೆಯಲ್ಲಿ ಅರಸ, ಲೂಕ 3:38ರಲ್ಲಿ ಆದಾಮ. ಇತ್ತ ರೋಮಿನಲ್ಲಿ ಅಗಸ್ಟಸ್‌ನ ನಾಣ್ಯಗಳ ಮೇಲೂ ‘ದೈವೀಕೃತನ ಮಗ’ ಎಂದು ಅಚ್ಚಾಗಿತ್ತು. ಹಾಗಾದರೆ ಯೇಸು ಯಾವ ಅರ್ಥದಲ್ಲಿ ಮಗ ಎಂಬುದೇ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಎಬ್ಬಿಸಿದ ಜಗಳ. ಮಗನು ಇಲ್ಲದಿದ್ದ ಕಾಲವೊಂದಿತ್ತು ಎಂಬುದು ಅವನ ವಾದ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರ ಮಹಾಸಭೆ ಕೊಟ್ಟ ಉತ್ತರ: ಹುಟ್ಟಿದವನು, ಉಂಟುಮಾಡಿದ್ದಲ್ಲ, ತಂದೆಯದೇ ಸತ್ವದವನು. ಇಲ್ಲಿ ಹುಟ್ಟು ಎಂದರೆ ಶರೀರದ ಮಾತಲ್ಲ. ದೇವರಿಗೆ ಹೆಂಡತಿಯಿದ್ದಳು ಎಂದಲ್ಲ, ಒಂದಾನೊಂದು ದಿನ ನಡೆದ ಘಟನೆಯೂ ಅಲ್ಲ. ಮಗನು ತಂದೆಯಿಂದ, ಆದಿಯಿಲ್ಲದೆ, ಯಾವತ್ತೂ ಎಂದು.

‘ಮನುಷ್ಯಕುಮಾರ’ ಎಂಬಲ್ಲಿ ತಪ್ಪು ತಿರುಗಿ ನಿಲ್ಲುತ್ತದೆ. ದೇವಕುಮಾರ ಎಂದರೆ ದೈವತ್ವ, ಮನುಷ್ಯಕುಮಾರ ಎಂದರೆ ಮನುಷ್ಯತ್ವ ಎಂದು ಬೋಧಕರು ಎಷ್ಟೋ ಸಲ ಸಲೀಸಾಗಿ ಹಂಚಿಬಿಡುತ್ತಾರೆ. ಮಾರ್ಕ 14:61–64 ಓದಿದರೆ ಆ ಹಂಚಿಕೆ ನಿಲ್ಲುವುದಿಲ್ಲ. ನೀನು ಕ್ರಿಸ್ತನೋ, ಸ್ತುತ್ಯನ, ಅಂದರೆ ದೇವರ, ಮಗನೋ ಎಂದು ಸೆರೆಸಿಕ್ಕ ಯೇಸುವನ್ನು ಮಹಾಯಾಜಕ ಕೇಳುತ್ತಾನೆ. ಹೌದು ಎಂದ ಯೇಸು, ಮನುಷ್ಯಕುಮಾರನು ಸರ್ವಶಕ್ತನ ಬಲಗಡೆಯಲ್ಲಿ ಕೂತಿರುವುದನ್ನೂ ಆಕಾಶದ ಮೇಘಗಳೊಂದಿಗೆ ಬರುವುದನ್ನೂ ನೋಡುವಿರಿ ಎನ್ನುತ್ತಾನೆ. ಮಹಾಯಾಜಕ ಬಟ್ಟೆ ಹರಿದುಕೊಂಡು ದೇವದೂಷಣೆ ಎಂದು ಕೂಗುವುದು ಆ ಮಾತಿನ ಮೇಲೆ. ಅದರ ಹಿಂದೆ ಇರುವುದು ದಾನಿಯೇಲ 7:13–14: ಮನುಷ್ಯಕುಮಾರನಂತಿರುವವನೊಬ್ಬ ಮೇಘಗಳೊಂದಿಗೆ ಬಂದು ಅಳಿಯದ ಆಳ್ವಿಕೆ ಪಡೆಯುವ ದರ್ಶನ. ಯೆಹೆಜ್ಕೇಲನ ಪುಸ್ತಕದಲ್ಲಾದರೋ ಅದೇ ಮಾತು ಪ್ರವಾದಿಯನ್ನು ‘ನರಮಾನವನೇ’ ಎಂದು ಕರೆಯುವುದಕ್ಕೆ ಬಂದಿದೆ. ಎರಡೂ ಅರ್ಥ ಸಾಧ್ಯವಿದ್ದ ಪದವನ್ನೇ ಯೇಸು ತನಗೆ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಸುವಾರ್ತೆಗಳಲ್ಲಿ ಅದು ಹೆಚ್ಚುಕಡಿಮೆ ಅವನ ಬಾಯಲ್ಲಿ ಮಾತ್ರ ಬರುತ್ತದೆ.

ಬಿರುದುಗಳು ಕಲಸಿಹೋದರೆ ಅದು ಮೊದಲು ಗೊತ್ತಾಗುವುದು ಪ್ರಾರ್ಥನೆಯಲ್ಲಿ. ‘ತಂದೆಯೇ’ ಎಂದು ಶುರುಮಾಡಿ, ನಾಲ್ಕನೆಯ ವಾಕ್ಯಕ್ಕೆ ‘ನೀನು ನಮಗೋಸ್ಕರ ಶಿಲುಬೆಯ ಮೇಲೆ ಪ್ರಾಣ ಕೊಟ್ಟಿದ್ದಕ್ಕೆ ಸ್ತೋತ್ರ’ ಎಂದುಬಿಡುವುದು ತುಂಬ ಸಾಮಾನ್ಯ. ಬೇಕೆಂದು ಯಾರೂ ಹೇಳುವುದಿಲ್ಲ. ಎರಡು ಸಂಬೋಧನೆಗಳು ಬಾಯಲ್ಲಿ ಒಂದಾಗಿರುತ್ತವೆ. ಮೂರನೆಯ ಶತಮಾನದ ಮೊದಲಲ್ಲೇ ಕ್ರೈಸ್ತ ಬರಹಗಾರ ತೆರ್ತುಲಿಯನ್ ತಂದೆ-ಮಗನನ್ನು ಹೀಗೆ ಒಂದಾಗಿಸುವುದನ್ನು ಬಲವಾಗಿ ವಿರೋಧಿಸಿದ. ಪ್ರಾಕ್ಸಿಯಸ್ ಎಂಬ ಬೋಧಕ ತನ್ನ ಬೋಧನೆಯಿಂದ ತಂದೆಯನ್ನೇ ಶಿಲುಬೆಗೇರಿಸಿದ ಎಂಬುದು ತೆರ್ತುಲಿಯನ್‌ನ ಆರೋಪ. ತಂದೆ, ಮಗ, ಪವಿತ್ರಾತ್ಮ ಎಂಬುವು ಒಬ್ಬನೇ ಹಾಕಿಕೊಳ್ಳುವ ಮೂರು ವೇಷಗಳಲ್ಲ, ಮೂವರು ದೇವರುಗಳೂ ಅಲ್ಲ. ತಂದೆಗೆ, ಮಗನ ಮೂಲಕ, ಪವಿತ್ರಾತ್ಮನಲ್ಲಿ ಎಂಬುದು ಸಭೆಯ ಹಳೆಯ ಪ್ರಾರ್ಥನಾಕ್ರಮ. ತಂದೆಯನ್ನು ಕರೆದು ಆರಂಭಿಸಿದ್ದರೆ ‘ನಿನ್ನ ಮಗನನ್ನು ನಮಗೋಸ್ಕರ ಕೊಟ್ಟಿದ್ದಕ್ಕೆ ಸ್ತೋತ್ರ’ ಎಂದರಾಯಿತು. ಯೇಸುವನ್ನೇ ನೇರವಾಗಿ ಕರೆಯುವುದರಲ್ಲಿ ತಪ್ಪೇನೂ ಇಲ್ಲ: ನಂಬಿಕೆಗಾಗಿ ಕಲ್ಲೇಟಿನಿಂದ ಸಾಯುವಾಗ ಸ್ತೆಫನನು ಕರೆದದ್ದು ‘ಕರ್ತನಾದ ಯೇಸುವೇ’ ಎಂದೇ. ಗ್ರೀಕ್ ಮಾತನಾಡುವ ಕೊರಿಂಥದವರಿಗೆ ಬರೆದ ಪತ್ರದ ಕೊನೆಯಲ್ಲೂ ಪೌಲನು ಅರಾಮಿಕ್ ಕೂಗೊಂದನ್ನು ಹಾಗೆಯೇ ಉಳಿಸಿದ್ದಾನೆ, ‘ಮಾರಾನಾಥಾ’: ನಮ್ಮ ಕರ್ತನೇ, ಬಾ.